ಗಿಡ್ಡಿ ಇಂಜಿನ್ನಿನ ಕಾಕಾ

ಹೋದ ವಾರ ನಮ್ಮ ಮನೆಯ ಕುಕ್ಕರಿನ ವಾಲ್ವ್ ಹಾರಿತು. ಬೇಳೆಗೆ ಇಟ್ಟು, ನೀರು ಸಾಕಷ್ಟು ಹಾಕಿದ್ದೇನೆ ಎಂದುಕೊಂಡು, ಮಾಳಿಗೆಯ ಮೇಲೆ ಒಣಹಾಕಿದ್ದ ಶಾವಿಗೆ ತಿರುವಲು ಹೋಗಿದ್ದೆ. ಬುಸ್ಸೆಂಬ ಸದ್ದು ಕೇಳಿ ಇಳಿದು ಬಂದರೆ ಅಡುಗೆಮನೆಯ ತುಂಬ ಹಬೆ. ಅದರೊಳಗೆ ಸೀದ ಬೇಳೆಯ ವಾಸನೆ, ಸೀದ ಬೇಳೆಯ ಹಿಂದೆ ಇನ್ನೊಂದು ವಾಸನೆ. ಕರಗಿದ ಲೋಹದ್ದು. ಗ್ಯಾಸ್ ಆರಿಸಿ ಕಿಟಕಿ ತೆರೆದ ಮೇಲೂ ಎಷ್ಟೋ ಹೊತ್ತು ಅಲ್ಲೇ ನಿಂತಿದ್ದೆ.

ಬನಹಟ್ಟಿ ಪೇಟೆಯ ಸ್ಟೋವ್ ರಿಪೇರಿಯವನು ಹಳೆಯ ವಾಲ್ವ್ ಬಿಚ್ಚಿ ನನ್ನ ಅಂಗೈಯಲ್ಲಿಟ್ಟ. ಅಂಗಿಯ ಗುಂಡಿಯಷ್ಟು ದಪ್ಪ, ನಡುವೆ ತೂತು. ಆ ತೂತಿನಲ್ಲಿದ್ದ ಸೀಸ ಕರಗಿ ಹೋಗಿತ್ತು. “ಇದು ಸತ್ತು ನಿಮ್ಮನ್ನ ಉಳಿಸೇತ್ರಿ ಅಕ್ಕಾರ” ಅಂದ. ಹೊಸದನ್ನು ಕೂಡಿಸಿಕೊಂಡು ಮನೆಗೆ ಬಂದೆ. ಆದರೆ ಇಂಥದೇ ಒಂದನ್ನು, ಇದಕ್ಕಿಂತ ಎಷ್ಟೋ ದೊಡ್ಡದನ್ನು, ಬಹಳ ವರ್ಷಗಳ ಹಿಂದೆ ಇನ್ನೊಬ್ಬರ ಅಂಗೈಯಲ್ಲಿ ನೋಡಿದ್ದೆ. ಅವರು ನಮ್ಮ ಮಗ್ಗಲ ಮನೆಯ ಕಾಕಾ. ಸಕ್ಕರೆ ಕಾರ್ಖಾನೆಯ ಪುಟ್ಟ ಉಗಿ ಇಂಜಿನ್ನಿನ ಡ್ರೈವರು.

ಕಾರ್ಖಾನೆಯ ಹೆಸರು ಬೇಡ. ಮುಧೋಳದಿಂದ ಬೀಳಗಿ ಕಡೆ ಹೋಗುವಾಗ ಒಳಗೆ ಹೊರಳಿದರೆ ಸಿಗುತ್ತಿತ್ತು. ನಮ್ಮಪ್ಪ ಅಲ್ಲಿ ಕಬ್ಬಿನ ತೂಕದ ಕಟ್ಟೆಯ ಮೇಲೆ ಕೆಲಸಕ್ಕಿದ್ದರು. ಕೆಲಸಗಾರರ ಮನೆಗಳು ಒಂದೇ ಸಾಲು. ಅದಕ್ಕೆ ‘ಲೈನ್’ ಅನ್ನುತ್ತಿದ್ದೆವು. ನಮ್ಮ ಮನೆಯ ಗೋಡೆಗೆ ಗೋಡೆ ಹತ್ತಿ ಕಾಕಾನ ಮನೆ. ಹಿತ್ತಲ ಬಾಗಿಲು ತೆಗೆದರೆ ಹತ್ತು ಹೆಜ್ಜೆಯಾಚೆ ಸಣ್ಣ ಹಳಿ. ಹೊಳೆದಂಡೆಯ ಕಬ್ಬಿನ ಅಡ್ಡೆಯಿಂದ ಕಾರ್ಖಾನೆಯ ಅಂಗಳದವರೆಗೆ ಹೋಗಿ ಬರುವ ಹಳಿ ಅದು. ನಮ್ಮದು ಎರೆಮಣ್ಣಿನ ಸೀಮೆ. ಒಂದು ಅಡ್ಡಮಳೆ ಬಿದ್ದರೆ ಸಾಕು, ಕಬ್ಬು ಹೇರಿದ ಚಕ್ಕಡಿ ಗಾಲಿಯ ಗುಂಬದವರೆಗೆ ಹುಗಿದು ಎತ್ತುಗಳು ಮೊಣಕಾಲೂರುತ್ತಿದ್ದವು. ಅದಕ್ಕೇ ಆ ಹಳಿ ಹಾಕಿದ್ದರಂತೆ, ಅದಕ್ಕೇ ಆ ಇಂಜಿನ್ನು ತಂದದ್ದಂತೆ. ಬೇರೆ ಯಾವುದೋ ಕಾರ್ಖಾನೆಯಲ್ಲಿ ದುಡಿದು ಹಳತಾದದ್ದನ್ನು ಬಾಗಲಕೋಟೆ ಸ್ಟೇಷನ್ನಿನವರೆಗೆ ರೈಲಿನ ಮೇಲೆ, ಅಲ್ಲಿಂದ ಲಾರಿಯ ಮೇಲೆ ತಂದಿದ್ದರು. ರೈಲಿನ ಮೇಲೆ ಕೂತು ಬಂದ ಇಂಜಿನ್ನು ಎಂದು ಲೈನಿನ ಜನ ನಗುತ್ತಿದ್ದರು.

ಎಲ್ಲರೂ ಅದನ್ನು ‘ಗಿಡ್ಡಿ’ ಎನ್ನುತ್ತಿದ್ದರು. ದೊಡ್ಡ ರೈಲಿನ ಇಂಜಿನ್ನುಗಳಿಗೆ ಹಿಂದೊಂದು ನೀರು-ಕಲ್ಲಿದ್ದಲಿನ ಗಾಡಿ ಇರುತ್ತದಲ್ಲ, ಇದಕ್ಕೆ ಅದಿರಲಿಲ್ಲ. ತನ್ನ ನೀರನ್ನು ತಾನೇ ಹೊರಬೇಕು. ಬಾಯ್ಲರಿನ ಎರಡೂ ಬಗಲಿಗೆ ಎರಡು ತಗಡಿನ ಟಾಕಿ. ಸೊಂಟದ ಎರಡೂ ಬದಿಗೆ ಕೊಡ ಇಟ್ಟುಕೊಂಡು ಹೊಳೆಯಿಂದ ಏರಿ ಬರುವ ಗಿಡ್ಡ ಹೆಣ್ಣುಮಗಳ ಹಾಗೆ ಕಾಣುತ್ತಿತ್ತು. ಮುಂಜಾನೆ ಕಾಕಾ ಷೆಡ್ಡಿಗೆ ಹೋಗಿ ಮೊದಲು ಕಬ್ಬಿನ ಒಣ ಎಲೆಯ ರವದಿ, ಆಮೇಲೆ ಕಟ್ಟಿಗೆ, ಆಮೇಲೆ ಕಲ್ಲಿದ್ದಲು ಹೀಗೆ ಒಲೆ ಹೊತ್ತಿಸುತ್ತಿದ್ದರು. ಉಗಿ ಕಟ್ಟುವವರೆಗೆ ಉದ್ದ ಮೂಗಿನ ಎಣ್ಣೆಗಿಂಡಿ ಹಿಡಿದು ಸುತ್ತ ತಿರುಗುತ್ತ ಒಂದೊಂದೇ ಕೀಲಿಗೆ ಎಣ್ಣೆ ಬಿಡುತ್ತಿದ್ದರು. ಇಬ್ಬನಿ ಬಿದ್ದು ಹಳಿ ಜಾರುವ ದಿನ ಚಕ್ರದ ಮುಂದೆ ಹೊಳೆಯ ಉಸುಕು ಚೆಲ್ಲಿಸುತ್ತಿದ್ದರು. ಕಬ್ಬಿನ ಗಾಡಿಗಳನ್ನು ಎಳೆದು ತಂದು ಬರಿಗಾಡಿಗಳನ್ನು ನೂಕಿಕೊಂಡು ಮತ್ತೆ ಹೊಳೆಗೆ. ದಸರೆ ಮುಗಿದ ಮೇಲೆ ಕಬ್ಬು ಅರೆಯುವ ಹಂಗಾಮು ಶುರುವಾದರೆ ಬೇಸಿಗೆಯ ಬಿಸಿಲು ಏರುವವರೆಗೂ ಹೀಗೇ. ಹಂಗಾಮು ಮುಗಿದ ಮೇಲೆ ಗಿಡ್ಡಿಯನ್ನು ಬಿಚ್ಚಿ, ಒಳಗಿನ ಕೊಳವೆ ತಿಕ್ಕಿ, ಮತ್ತೆ ಜೋಡಿಸುವುದು. ಯಾವ ಗಾಡಿ ಹಳಿ ತಪ್ಪಿದರೂ ಗಳ ಕೊಟ್ಟು ಎತ್ತುವುದು. ಅವರ ದುಡಿಮೆ ಇಷ್ಟೇ, ಆದರೆ ಅದಕ್ಕೆ ಬಿಡುವು ಎಂಬುದಿರಲಿಲ್ಲ.

ಕಾಕಾ ಬಡಬಡ ಮಾತಿನ ಮನುಷ್ಯ, ತುಸು ಜಂಬದವರು ಕೂಡ. ಮೀಸೆಗೆ ದಿನಾ ಎಣ್ಣೆ. ಇಂಜಿನ್ನಿನ ಹಿತ್ತಾಳೆಯ ಭಾಗಗಳನ್ನು ಬೇರೆಯವರು ಮುಟ್ಟುವ ಹಾಗಿಲ್ಲ. ತಾವೇ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಕು. ಆ ಹುಣಸೆಹಣ್ಣು ಅವರ ಹೆಂಡತಿ ಕಾಕುವಿನ ಡಬ್ಬಿಯದು. “ನಮ್ಮ ದೇವರು ಕಪ್ಪಗ ಕುಂತಾವು, ಆ ಸವತಿ ನೋಡ್ರಿ, ಹ್ಯಾಂಗ ಹೊಳಿತಾಳ” ಎಂದು ಕಾಕು ನಮ್ಮವ್ವನ ಮುಂದೆ ಹೇಳಿದರೆ ಕಾಕಾ ಗೋಡೆಯಾಚೆಯಿಂದಲೇ, ಆಕಿ ನಿನ್ನಂಗ ಜಗಳಾ ತಗಿಯೂದಿಲ್ಲ ಅನ್ನುತ್ತಿದ್ದರು. ಹೆಮ್ಮೆಯ ಮಾತು ಒಂದಿತ್ತು, ಅದನ್ನು ಎಲ್ಲರ ಮುಂದೂ ಆಡುತ್ತಿದ್ದರು. ಇಷ್ಟು ವರ್ಷದಲ್ಲಿ ಒಂದು ಸಲವೂ ಬಾಯ್ಲರಿನಲ್ಲಿ ನೀರು ಕೆಳಗೆ ಬೀಳಲು ಬಿಟ್ಟಿಲ್ಲ ಎಂದು.

ಆ ಮಾತಿನ ಅರ್ಥ ನನಗೆ ಆಗ ತಿಳಿದಿರಲಿಲ್ಲ. ಆಮೇಲೆ ತಿಳಿಯಿತು. ಬಾಯ್ಲರಿನೊಳಗೆ ಬೆಂಕಿಯ ಗೂಡು. ಗೂಡಿನ ತಲೆಯ ಮೇಲೆ ಯಾವಾಗಲೂ ನೀರು ನಿಂತಿರಬೇಕು. ನೀರು ಎಷ್ಟಿದೆ ಎಂದು ನೋಡಲು ಡ್ರೈವರನ ಕಣ್ಣೆದುರು ಒಂದು ಗಾಜಿನ ಕೊಳವೆ. ನೀರು ಇಳಿದು ಗೂಡಿನ ತಲೆ ಬರಿದಾದರೆ ಅಲ್ಲಿ ಕೂಡಿಸಿರುವ ಸೀಸದ ಪ್ಲಗ್ಗು ಕರಗಿ, ಉಗಿ ನುಗ್ಗಿ ಬೆಂಕಿಯನ್ನು ಅದುಮುತ್ತದೆ. ಅದು ಕರಗದಿದ್ದರೆ ಬಾಯ್ಲರೇ ಸಿಡಿಯುತ್ತದೆ. ಪ್ಲಗ್ಗು ಕರಗಿತು ಎಂದರೆ ಜೀವ ಉಳಿಯಿತು ಎಂದು ಲೆಕ್ಕ, ಆದರೆ ಡ್ರೈವರನ ಹೆಸರು ಹೋಯಿತು. ಅವನು ಗಾಜು ನೋಡಲಿಲ್ಲ, ನಿದ್ದೆ ಮಾಡಿದ, ಇಲ್ಲವೆ ಕುಡಿದಿದ್ದ ಎಂದೇ ಜನ ತಿಳಿಯುವುದು.

ಗಿಡ್ಡಿಯ ಹಗೆ ಎಂದರೆ ನಮ್ಮ ನೀರು. ಕಾರ್ಖಾನೆಯ ಬಾವಿಯದು ಸವಳು ನೀರು. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ, ತಲೆ ತೊಳೆದರೆ ಕೂದಲು ಜಿಗಟಾಗುತ್ತಿತ್ತು. ಬಚ್ಚಲ ಹಂಡೆಯೊಳಗೆ ಬಿಳಿ ಹಕ್ಕಳೆ ಕಟ್ಟುವುದನ್ನು ಎಲ್ಲ ಹೆಂಗಸರೂ ನೋಡಿದ್ದೇವೆ. ಅಂಥದೇ ಹಕ್ಕಳೆ ಬಾಯ್ಲರಿನೊಳಗೂ. ಕಾರ್ಖಾನೆ ತೊಳೆಯಲು ನಿಂತ ದಿನಗಳಲ್ಲಿ ಕಾಕಾ ಅದನ್ನು ಕೆರೆದು ಕೆರೆದು ತೆಗೆದು, ಬುಟ್ಟಿಯಲ್ಲಿ ತಂದು ಅಪ್ಪನಿಗೆ ತೋರಿಸುತ್ತಿದ್ದರು. ಒಂದು ವರ್ಷ ಬಾಯ್ಲರ್ ತಪಾಸಣೆಗೆ ಬಂದ ಸಾಹೇಬರು, ಹಕ್ಕಳೆ ಹಿಂಗೇ ಕಟ್ಟಿದರೆ ಬರುವ ವರ್ಷ ಇದಕ್ಕೆ ಬೆಂಕಿ ಹಾಕಲು ಒಪ್ಪಿಗೆ ಕೊಡುವುದಿಲ್ಲ ಎಂದು ಹೇಳಿ ಹೋದರು. ಕಾರ್ಖಾನೆಯವರು ಆಗಲೇ ಟ್ರ್ಯಾಕ್ಟರಿನ ಮಾತಾಡುತ್ತಿದ್ದರು. ಗಿಡ್ಡಿ ನಿಂತರೆ ಕಾಕಾ ಬರಿ ಕೂಲಿ. ಅಂದಿನಿಂದ ಅವರಿಗೆ ಮೆದು ನೀರಿನದೇ ಚಿಂತೆ.

ಆ ನೀರು ಸಿಕ್ಕದ್ದು ಕಾರ್ಖಾನೆಯ ಒಳಗೇ. ಕಬ್ಬಿನ ಹಾಲನ್ನು ಕುದಿಸುವ ದೊಡ್ಡ ಪ್ಯಾನುಗಳಿರುತ್ತವೆ. ಅವುಗಳ ಕೊಳವೆಗಳಲ್ಲಿ ಹೋದ ಉಗಿ ತಣಿದು ನೀರಾಗಿ ಒಂದು ಹೌದಿಗೆ, ಅಂದರೆ ಕಟ್ಟಿದ ತೊಟ್ಟಿಗೆ, ಬಂದು ಬೀಳುತ್ತಿತ್ತು. ಕಾರ್ಖಾನೆಯ ದೊಡ್ಡ ಬಾಯ್ಲರಿಗೆ ಬೇಕಾದಷ್ಟು ತೆಗೆದುಕೊಂಡು ಉಳಿದದ್ದನ್ನು ಗಟಾರಕ್ಕೆ ಬಿಡುತ್ತಿದ್ದರು. ಮಳೆನೀರಿನಂಥ ಮೆದು ನೀರು. ಕಾಕಾ ಒಂದು ಕೊಡ ಮನೆಗೆ ತಂದು, ಇದರಲ್ಲಿ ತೊಗರಿಬೇಳೆ ಇಡು ಎಂದು ಕಾಕುವಿಗೆ ಹೇಳಿದರು. ನೀರಿನ ಗುಣ ನೋಡಲು ನಮ್ಮ ಕಡೆ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಹೊಸ ಬಾವಿ ತೋಡಿದರೂ ಮೊದಲು ಬೇಳೆಯನ್ನೇ ಬೇಯಿಸಿ ನೋಡುವುದು. ಒಲೆ ಹೊತ್ತಿಸಿ ಒಂದು ರೊಟ್ಟಿ ತಟ್ಟಿ ಮುಗಿಯುವುದರೊಳಗೆ ಬೇಳೆ ಒಡೆಯಿತಂತೆ. “ಬೆಣ್ಣಿ ಆಗೇತಿ ನೋಡ್ರಿ” ಎಂದು ಕಾಕು ಬಟ್ಟಲು ಹಿಡಿದು ನಮ್ಮ ಮನೆಗೂ ಬಂದಿದ್ದರು. ಅವತ್ತಿನಿಂದ ಗಿಡ್ಡಿಗೆ ಅದೇ ನೀರು.

ದೊಡ್ಡ ಬಾಯ್ಲರಿನವರು ಆ ನೀರನ್ನು ಪ್ರತಿ ಪಾಳಿಗೂ ಸೀಸೆಯಲ್ಲಿ ಹಿಡಿದು, ಎರಡು ಹನಿ ಔಷಧ ಬಿಟ್ಟು, ಸಕ್ಕರೆ ಕೂಡಿಲ್ಲ ಎಂದು ನೋಡಿಯೇ ಒಳಗೆ ಬಿಡುತ್ತಿದ್ದರಂತೆ. ನೀನೂ ನೋಡಿಸಿಕೋ ಎಂದು ಅಲ್ಲಿಯ ಮಿಸ್ತ್ರಿ ಹೇಳಿದ್ದನಂತೆ. ಕಾಕಾ ಮೀಸೆ ತಿರುವಿ, ನಮ್ಮ ಮನಿಯಾಗ ದಿನಾ ಟೆಸ್ಟ್ ಆಗತೈತಿ ಎಂದು ಹೇಳಿ ಬಂದರು. ಈ ಮಾತು ಕಾರ್ಖಾನೆಯೆಲ್ಲ ಹಬ್ಬಿತು. ಗಿಡ್ಡಿ ಹೊರಟರೆ ಸಾಕು, ಗಾಡಿ ತುಂಬುವವರು, “ಏನ್ರಿ ಕಾಕಾ, ಇವತ್ತ ಒಗ್ಗರಣಿ ಹಾಕೀರೋ ಇಲ್ಲೋ?” ಎಂದು ಕೂಗುತ್ತಿದ್ದರು. ಕಾಕಾನಿಗೆ ಅದೂ ಹೆಮ್ಮೆಯೇ.

ಆ ಹಂಗಾಮಿನಲ್ಲೇ ನಾನು ಚೊಚ್ಚಲ ಬಾಣಂತನಕ್ಕೆ ಬನಹಟ್ಟಿಯಿಂದ ತವರಿಗೆ ಬಂದಿದ್ದು.

ಆ ಮೆದು ನೀರು ಬಂದ ಮೇಲೆ ಲೈನಿನಲ್ಲಿ ಒಂದು ಪದ್ಧತಿ ಬಿದ್ದಿತ್ತು. ಯಾವ ಮನೆಯಲ್ಲಿ ತೊಟ್ಟಿಲು ಕಟ್ಟಿದರೂ ಆ ಮನೆಯ ಬಾಣಂತಿಯ ಎರೆಯುವ ನೀರು ಗಿಡ್ಡಿಯದು. ನಮ್ಮ ಹಿತ್ತಲ ಹತ್ತಿರ ಹಳಿ ಎರಡಾಗಿ ಕವಲೊಡೆಯುತ್ತಿತ್ತು. ಒಳಗಿನಿಂದ ಹಸಿರು ನಿಶಾನೆ ಬರುವವರೆಗೆ ಗಿಡ್ಡಿ ಅಲ್ಲಿ ನಿಲ್ಲಬೇಕು. ಆ ಹೊತ್ತಿಗೆ ಹೆಂಗಸರು ಕೊಡ ಹಿಡಿದು ಹೋದರೆ ಕಾಕಾ ಬಗಲ ಟಾಕಿಯ ನಳ ಬಿಡುತ್ತಿದ್ದರು. ಪಕ್ಕದ ಬಾಯ್ಲರಿನ ಬಿಸಿಗೆ ಟಾಕಿಯ ನೀರು ಉಗುರುಬೆಚ್ಚಗೆ ಆಗಿರುತ್ತಿತ್ತು. ಅದಕ್ಕಿಂತ ಬಿಸಿಯಾದರೆ ಇಂಜಿನ್ನು ಎಳೆದುಕೊಳ್ಳುವುದಿಲ್ಲವಂತೆ. ಹಾಗೆಂದು ಕಾಕಾ, ನಾವು ಕೂಸಿನ ನೀರಿಗೆ ಅದ್ದುವ ಹಾಗೆ, ಟಾಕಿಯಲ್ಲಿ ಮೊಣಕೈ ಅದ್ದಿ ನೋಡುತ್ತಿದ್ದರು. ಇನ್ನೆರಡು ಕಟ್ಟಿಗೆ ಹಾಕಿದರೆ ಎರೆಯಲು ಸಾಕು. ಕಟ್ಟಿಗೆ ಉಳಿಯುತ್ತಿತ್ತು, ಕೂದಲು ರೇಷ್ಮೆಯಂತೆ ಬಿಡಿಯಾಗುತ್ತಿತ್ತು. ತೊಟ್ಟಿಲಿದ್ದ ಮನೆಯ ಹಿಂದೆ ಕಾಕಾ ಸೀಟಿಯನ್ನೂ ಊದುತ್ತಿರಲಿಲ್ಲ, ಬರಿ ಒಂದು ಉಸಿರು ಬಿಡಿಸುತ್ತಿದ್ದರು. ಹಾಗೆ ನೀರು ಕೊಡಬಾರದು ಎಂದು ಕಾರ್ಖಾನೆಯ ಕಟ್ಟಳೆ. ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ.

ಒಂದಿನ ಬಚ್ಚಲ ಮೋರಿಗೆ ಇರುವೆ ಸಾಲು ಹಿಡಿದಿತ್ತು. ಅವ್ವ ಕಾಕುವಿಗೆ ಹೇಳಿದರೆ ಅವರು, “ಸಕ್ಕರಿ ಕಾರ್ಖಾನ್ಯಾಗ ಇರವಿ ಬರದ ಹುಲಿ ಬರತಾವೇನ್ರಿ ಅಕ್ಕಾರ” ಎಂದು ನಕ್ಕರು. ಖರೆ. ಅಲ್ಲಿ ಇರುವೆ ಇಲ್ಲದ ಮೂಲೆ ಇರಲಿಲ್ಲ. ಬೇಳೆಯಾದರೂ ಎಂದಿನಂತೆ ಬೇಯುತ್ತಿತ್ತು. ನಾವು ಬೇಳೆಗೆ ಬೆಲ್ಲ ಹಾಕುವವರು. ಅದರಲ್ಲಿ ನೀರಿನ ಸಿಹಿ ಯಾವುದು, ಬೆಲ್ಲದ ಸಿಹಿ ಯಾವುದು…

ಅವತ್ತು ಮುಂಜಾನೆ ನಾನು ಹಿತ್ತಲ ಬಾಗಿಲಲ್ಲಿ ಕೂಸಿಗೆ ಎಣ್ಣೆ ಹಚ್ಚಿ ಎಳೆಬಿಸಿಲಿಗೆ ಹಿಡಿದು ಕೂತಿದ್ದೆ. ಅವ್ವ ಕೂಸಿನ ಕುಂಚಿಗೆ, ಬಟ್ಟೆಗಳನ್ನೆಲ್ಲ ಒಗೆದು ಹಗ್ಗದ ಮೇಲೆ ಹಾಕಿದ್ದಳು. ಹೊಳೆ ಕಡೆಯಿಂದ ಗಿಡ್ಡಿ ಬಂತು. ಸದ್ದು ಎಂದಿನದಿರಲಿಲ್ಲ. ಗಂಟಲಲ್ಲಿ ನೀರು ಸಿಕ್ಕವರ ಹಾಗೆ ಗೊಳಗೊಳ ಅನ್ನುತ್ತಿತ್ತು. ಹತ್ತಿರ ಬರುತ್ತಲೇ ಹೊಗೆಕೊಳವೆಯಿಂದ ಹೊಗೆಯ ಸಂಗಡ ಕಂದು ನೀರು ಹಾರಿ, ಒಗೆದ ಬಟ್ಟೆಗಳ ಮೇಲೆಲ್ಲ ಹನಿ ಹನಿಯಾಗಿ ಬಿತ್ತು. ಅವ್ವ, ಈಗ ಒಗದ ಹಾಕೇನ್ರಿ ಅಣ್ಣಾರ ಎಂದು ಗೊಣಗುತ್ತ ಹೋದಳು. ಕಾಕಾ ಬಗ್ಗಿ ಗಾಜಿನ ಕೊಳವೆಯನ್ನು ನೋಡುತ್ತಿದ್ದರು. ನಾನು ಕೂತಲ್ಲಿಗೆ ಆ ಗಾಜು ಕಾಣುತ್ತಿರಲಿಲ್ಲ, ಅವರ ಮುಖ ಕಾಣುತ್ತಿತ್ತು. ಮುಖದಲ್ಲಿ ಭಯವೇನೂ ಇರಲಿಲ್ಲ. ಕವಲಿನ ಹತ್ತಿರ ಗಿಡ್ಡಿಯನ್ನು ನಿಲ್ಲಿಸಲು ಹಿಡಿಕೆ ನೂಕಿದರು.

ಆಗ ಆ ಮುಖ ಬದಲಾಯಿತು.

“ಒಳಗ ಹೋಗ್ರಿ,” ಎಂದರು. ಕೂಗಲಿಲ್ಲ. “ಕೂಸ ತಗೊಂಡ ಒಳಗ ಹೋಗ ಮಗಳ. ಬಾಗಲಾ ಹಾಕ್ಕೋ.”

ಅವ್ವ ನನ್ನ ರಟ್ಟೆ ಹಿಡಿದು ಒಳಗೆಳೆದಳು. ಕಿಟಕಿಯಿಂದ ನೋಡಿದೆವು. ಬೆಂಕಿಯ ಬಾಗಿಲಿನಿಂದ ಬೆಳ್ಳಗೆ ಉಗಿ ನುಗ್ಗಿತು. ಕಲ್ಲಿದ್ದಲು ಹಾಕುವವನು ಹಾರಿ ಹೊಲದ ಕಡೆ ಓಡಿದ. ಕಾಕಾ ಇಳಿಯಲಿಲ್ಲ. ಉದ್ದ ಕೊಕ್ಕೆಯಿಂದ ಉರಿಯುವ ಕೆಂಡವನ್ನು ಎಳೆದೆಳೆದು ಹಳಿಯ ಮೇಲೆ ಚೆಲ್ಲುತ್ತಿದ್ದರು. ಉಗಿಯಲ್ಲಿ ಅವರ ಒಂದು ಕೈ ಕಾಣುತ್ತಿತ್ತು, ಮರೆಯಾಗುತ್ತಿತ್ತು. ಆಮೇಲೆ ಎಲ್ಲ ಸುಮ್ಮನಾಯಿತು. ನನ್ನ ಮಗ ಅಳುತ್ತಿದ್ದದ್ದು ಆಗ ನನಗೆ ಕೇಳಿಸಿತು.

ಸಂಜೆಯ ಹೊತ್ತಿಗೆ ಕಾರ್ಖಾನೆಯ ತುಂಬ ಮಾತು. ಡ್ರೈವರನಿಗೆ ಜೋಂಪು ಹತ್ತಿತ್ತು ಎಂದು ಕೆಲವರು. ಕಾವಲಿನವನೊಬ್ಬ, ಟಾಕಿಯ ನೀರನ್ನು ಹೆಂಗಸರಿಗೆ ಬಿಟ್ಟು ಖಾಲಿ ಮಾಡುತ್ತಿದ್ದ, ದಿನಾ ನೋಡಿದ್ದೇನೆ ಎಂದು ಮ್ಯಾನೇಜರರಿಗೆ ಹೇಳಿದ್ದ. ಮೊನ್ನೆಯವರೆಗೆ ಒಗ್ಗರಣೆಯ ಮಾತಾಡುತ್ತಿದ್ದವರೇ, “ಬಾಣಂತ್ಯಾರಿಗೆ ಎರದು ಇಂಜಿನ್ನ ಉಪವಾಸ ಕೆಡವಿದ” ಎಂದು ನಗತೊಡಗಿದರು. ಬಾಯ್ಲರ್ ಸಿಡಿದಿದ್ದರೆ ಲೈನೇ ಹೋಗುತ್ತಿತ್ತು ಎಂಬುದೂ ಸುಳ್ಳಲ್ಲ. ಮರುದಿನ ವಿಚಾರಣೆ ಎಂದಾಯಿತು.

ಅಂದು ದೀಪ ಹಚ್ಚುವ ಹೊತ್ತಿಗೆ ಕಾಕಾ ಕೈಗೆ ಪಟ್ಟಿ ಸುತ್ತಿಕೊಂಡು ನಮ್ಮ ಮನೆಗೆ ಬಂದರು. ಪಡಸಾಲೆಯಲ್ಲಿ ಅಪ್ಪನ ಎದುರು ಕೂತರು. ನಾನು ಒಳಗೆ ಮಂಚದ ಮೇಲಿದ್ದೆ, ಪರದೆ ಅಷ್ಟೇ ಅಡ್ಡ. ಗಾಜಿನಲ್ಲಿ ನೀರು ಅರ್ಧಕ್ಕಿಂತ ಮೇಲೆ ಇತ್ತು, ಹಿಡಿಕೆ ನೂಕಿದ್ದೇ ತಡ ಯಾರೋ ಕುಡಿದು ಬಿಟ್ಟ ಹಾಗೆ ಇಳಿದು ಹೋಯಿತು ಎಂದು ಎರಡೆರಡು ಸಲ ಹೇಳಿದರು. ಅಪ್ಪ ದೀಪದ ಬತ್ತಿ ಏರಿಸಿದರು. ನಂಬಲಿಲ್ಲವೋ ಏನೋ. ಆಮೇಲೆ ಕಾಕಾ ಬಂದ ಕೆಲಸ ಹೇಳಿದರು. ನಾಳೆ ಯಾರು ಕೇಳಿದರೂ ನೀರು ಒಯ್ದಿಲ್ಲ ಅನ್ನಬೇಕು. ಒಯ್ದೆವು ಎಂದರೆ ಆ ಮನೆಗಳನ್ನೆಲ್ಲ ಖಾಲಿ ಮಾಡಿಸುತ್ತಾರೆ.

“ನನ್ನದೊಂದ ಹೋಗತೈತಿ. ಹೋಗ್ಲಿ ಬಿಡ್ರಿ.”

ಅಪ್ಪ ಹೂಂ ಅಂದರು. ಆ ಹೂಂನಲ್ಲಿದ್ದ ನಿರಾಳ ನನಗೆ ಪರದೆಯ ಹಿಂದೆಯೂ ಕೇಳಿಸಿತು. ಅಪ್ಪ ಕೆಟ್ಟವರಲ್ಲ. ಮನೆಯಲ್ಲಿ ಬಾಣಂತಿ, ಕೂಸು. ಎಲ್ಲಿಗೆ ಹೋಗಬೇಕು?

ಮರುದಿನ ಬೆಳಿಗ್ಗೆ ಅವ್ವ, ಕಲೆಬಿದ್ದ ಬಟ್ಟೆಗಳನ್ನು ಮತ್ತೆ ಒಗೆಯಲು ಬುಟ್ಟಿ ಎತ್ತಿದವಳು ಹಾಗೇ ಕೆಳಗಿಟ್ಟಳು. ನನ್ನನ್ನು ಕರೆದಳು. ಒಂದೊಂದು ಕಂದು ಹನಿಯ ಸುತ್ತಲೂ ಇರುವೆ ಮುತ್ತಿದ್ದವು. ಬರೀ ಆ ಹನಿಗಳ ಮೇಲೆ, ಉಳಿದ ಬಟ್ಟೆ ಚೊಕ್ಕ. ಅವ್ವ ಒಂದು ಹನಿಯನ್ನು ಬೆರಳಿಂದ ಒರೆಸಿ ನಾಲಿಗೆಗೆ ಹಚ್ಚಿಕೊಂಡಳು. ಸೆರಗು ಸರಿಮಾಡಿಕೊಂಡು, ಗೋಡೆಯಾಚೆಗೆ ಕಾಕುವನ್ನು ಕರೆದಳು.

ಟಾಕಿ ಖಾಲಿಯಾಗಿ ನೀರು ಇಳಿದದ್ದಲ್ಲ, ಆ ನೀರಿನಲ್ಲೇ ಸಿಹಿ ಕೂಡಿದೆ ಎಂಬುದಕ್ಕೆ ಆ ಬಟ್ಟೆಗಳೇ ಸಾಕ್ಷಿ. ಆದರೆ ನೀರು ಒಯ್ಯುತ್ತಿದ್ದದ್ದನ್ನು ಒಪ್ಪದೆ ಇದನ್ನೆಲ್ಲ ಹೇಳುವುದು ಹೇಗೆ? ಸಿಹಿ ಕೂಡಿದ್ದು ಅವತ್ತಲ್ಲ, ಮೊದಲೇ ಎನ್ನಲು ಬಚ್ಚಲಲ್ಲಿ ಇರುವೆ ಹಿಡಿದದ್ದನ್ನೂ ಹೇಳಬೇಕು. ಅಪ್ಪ ಕೆಲಸಕ್ಕೆ ಹೊರಟವರು ಬಾಗಿಲಲ್ಲೇ ನಿಂತು ಗದರಿದರು. ಬಾಯಿ ಮುಚ್ಚಿಕೊಂಡು ಕೂಡು, ಮನೆ ಹೋಗುತ್ತದೆ ಎಂದರು.

“ಮನಿ ಕಾರ್ಖಾನೀದು,” ಎಂದಳು ಅವ್ವ. “ಆ ಮನಷ್ಯಾನ ಹೆಸರು ಅವಂದು. ಅದನ್ನ ನಾವ್ಯಾಕ ತಿನ್ನೂಣು?”

ಮಾತು ಬೆಳೆಯಲಿಲ್ಲ. ಅಪ್ಪ ಚಪ್ಪಲಿ ಮೆಟ್ಟಿ ಹೋದರು. ಅವ್ವ ನನ್ನ ಮಗನ ಕುಂಚಿಗೆಯನ್ನು ಇರುವೆ ಸಮೇತ ಒಂದು ಪರಾತದಲ್ಲಿ ಹಾಕಿ, ಮೇಲೊಂದು ಮುಚ್ಚಳ ಇಟ್ಟು, ಕಾಕುವಿನ ಜೊತೆ ಆಫೀಸಿಗೆ ನಡೆದಳು. ಹೆಂಗಸರು ಆ ಆಫೀಸಿನ ಮೆಟ್ಟಿಲು ಹತ್ತಿದ್ದನ್ನು ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ.

ಅಲ್ಲಿ ನಡೆದದ್ದನ್ನು ಅವ್ವ ಆಮೇಲೆ ಎಷ್ಟೋ ಸಲ ಹೇಳಿದ್ದಾಳೆ. ಮ್ಯಾನೇಜರರು ಮೊದಲು ಸಿಟ್ಟಾದರಂತೆ, ಕೂಸಿನ ಬಟ್ಟೆ ಇಲ್ಲಿಗೇಕೆ ತಂದಿರಿ ಎಂದು. ಇರುವೆ ತೋರಿಸಲು ಎಂದಳಂತೆ ಅವ್ವ. ಮುಚ್ಚಳ ತೆಗೆದರೆ ಇರುವೆಗಳು ಮೇಜಿನ ಕಾಗದದ ಮೇಲೆಲ್ಲ ಹರಿದಾಡಿದವು. ಕಾಕು ಹೊಸ್ತಿಲು ದಾಟದೆ ನಿಂತರು. ಅವ್ವನೇ, ಹೌದು, ನೀರು ಒಯ್ದಿದ್ದೇವೆ, ನಮ್ಮ ಬಚ್ಚಲಿಗೂ ಇರುವೆ ಹತ್ತಿದ್ದವು, ಟಾಕಿಯಲ್ಲಿ ಇನ್ನೂ ನೀರಿದೆ, ಹೋಗಿ ನೋಡಿರಿ ಎಂದಳು. ಕೆಮಿಸ್ಟ್ ಸಾಹೇಬರು ಟಾಕಿಯ ನೀರು ತರಿಸಿ ಸೀಸೆಯಲ್ಲಿ ಹಾಕಿ ಔಷಧ ಬಿಟ್ಟರು. ನೇರಳೆ ಬಣ್ಣದ ಬಳೆ ಎದ್ದಿತು. ಸಕ್ಕರೆ. ಪ್ಯಾನಿನ ಒಂದು ಕೊಳವೆ ಒಡೆದು ಕಬ್ಬಿನ ಹಾಲು ಆ ಹೌದಿನೊಳಗೆ ಸೇರುತ್ತಿತ್ತು. ದೊಡ್ಡ ಬಾಯ್ಲರಿನವರು ಸೀಸೆ ನೋಡಿ ಅಂಥ ನೀರನ್ನು ಒಳಗೆ ಬಿಟ್ಟಿರಲಿಲ್ಲ, ನೋಡಿಸಿಕೊಳ್ಳದ ಕಾಕಾನಿಗೆ ಅದು ತಿಳಿದಿರಲಿಲ್ಲ. ಸಕ್ಕರೆ ಕೂಡಿದ ನೀರು ಬಾಯ್ಲರಿನಲ್ಲಿ ಹಾಲಿನ ಹಾಗೆ ಉಕ್ಕಿ ನೊರೆಯಾಗುತ್ತದೆ. ಗಾಜಿನಲ್ಲಿ ಕಾಕಾ ನೋಡಿದ್ದು ಆ ನೊರೆಯನ್ನು. ಕೆಳಗೆ ನೀರು ಇರಲೇ ಇಲ್ಲ. ಉಗಿಯ ಹಿಡಿಕೆ ನೂಕಿದಾಗ ನೊರೆ ಕುಸಿಯಿತು, ಅಷ್ಟೇ.

ಮನೆ ಯಾರದೂ ಹೋಗಲಿಲ್ಲ. ನೀರು ಕೊಡಬಾರದೆಂದು ಬೋರ್ಡು ಬರೆಸಿದರು. ಕಾಕಾನ ಕಡೆಯಿಂದ ಅಲಕ್ಷ್ಯ ಆಗಿಲ್ಲ ಎಂದು ಮ್ಯಾನೇಜರರೇ ಹೇಳಿದರು. ಅವ್ವ ಗೆದ್ದು ಬಂದವಳಂತೆ ಬಂದಳು. ಆ ಸಂಜೆ ಕಾಕಾ ಹೆಣ್ಣುಮಕ್ಕಳ ಹಾಗೆ ಅತ್ತರೆಂದು, ಅವ್ವನ ಕಾಲಿಗೆ ಬಿದ್ದರೆಂದು ಬರೆದರೆ ಓದಲು ಚೆನ್ನಾಗಿರುತ್ತಿತ್ತು. ಹಾಗೇನೂ ಆಗಲಿಲ್ಲ. ಅವರು ನಮ್ಮ ಮನೆಗೆ ಬರಲೇ ಇಲ್ಲ.

ಎಷ್ಟೋ ದಿನದ ಮೇಲೆ, ನಾನು ಬನಹಟ್ಟಿಗೆ ಮರಳುವ ಮುಂಚೆ, ಹಿತ್ತಲಲ್ಲಿ ಸಿಕ್ಕರು. ಗಿಡ್ಡಿಯನ್ನು ಷೆಡ್ಡಿಗೆ ಎಳೆದೊಯ್ದಿದ್ದರು, ಹಳಿ ಬರಿದಾಗಿತ್ತು. ಕಾಕಾ ಜೇಬಿನಿಂದ ಕರಗಿದ ಪ್ಲಗ್ಗು ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು. ನಡುವೆ ತೂತು, ತೂತಿನ ಅಂಚಿಗೆ ಸೀಸದ ಗೆರೆ.

“ನಾ ನೋಡಿದ್ದೆ ಮಗಳ. ನಿದ್ದಿಗಣ್ಣಿಲೆ ಅಲ್ಲ, ಖರೆ ನೋಡಿದ್ದೆ. ನೋಡಿದ್ದ ಸುಳ್ಳಾದ್ರ ಇನ್ನ ಯಾವುದನ್ನ ನೋಡಿ ಇಂಜಿನ್ ಹೊಡೀಲಿ?”

ಸೀಸೆಯ ಔಷಧ ನೋಡಿಸಬೇಕಿತ್ತು, ಬೇಳೆ ನಂಬಿದೆ ಎಂದು ತಾವೇ ಮೆಲ್ಲಗೆ ಅಂದುಕೊಂಡರು. ಅದೇ ಅವರನ್ನು ತಿನ್ನುತ್ತಿತ್ತು. ನಿದ್ದೆ ಮಾಡಿದವನೆಂಬ ಮಾತು ಸುಳ್ಳೆಂದು ಆದಮೇಲೂ, ಉಗಿಗೆ ಒಡ್ಡಿದ ಆ ಹಿತ್ತಲಲ್ಲಿ ಒಂದು ಕೂಸು ಇತ್ತು ಎಂಬುದು ಅವರ ತಲೆಯಿಂದ ಹೋಗಲಿಲ್ಲ.

ಗಿಡ್ಡಿ ಮತ್ತೆ ಎದ್ದೇಳಲಿಲ್ಲ. ಗೂಡಿನ ತಲೆಯ ತಗಡು ಬಾಗಿತ್ತು. ತಪಾಸಣೆಯ ಸಾಹೇಬರು ಬಂದು ಸುತ್ತಿಗೆಯಿಂದ ತಟ್ಟಿ ನೋಡಿ, ಬೆಂಕಿ ಹಾಕಬೇಡಿ ಎಂದು ಹೇಳಿ ಹೋದರು. ಮುಂದಿನ ಹಂಗಾಮಿಗೆ ಟ್ರ್ಯಾಕ್ಟರುಗಳು ಬಂದವು. ನಾನು ತವರಿಗೆ ಹೋದಾಗಲೆಲ್ಲ ಷೆಡ್ಡಿನ ಮುಂದೆ ಅದು ನಿಂತಿರುತ್ತಿತ್ತು. ಮೊದಲು ಹಿತ್ತಾಳೆ ಮಂಕಾಯಿತು, ಆಮೇಲೆ ಹಿತ್ತಾಳೆಯೇ ಇರಲಿಲ್ಲ. ಟಾಕಿಯ ನೆರಳಿಗೆ ಆಡುಗಳು ಮಲಗುತ್ತಿದ್ದವು. ಕಾಕಾನನ್ನು ಕಬ್ಬಿನ ಅಂಗಳದ ಗೇಟಿಗೆ ಹಾಕಿದ್ದರು. ಪಗಾರ ಅಷ್ಟೇ ಇತ್ತು. ಟ್ರ್ಯಾಕ್ಟರಿನ ಹುಡುಗರು ಒಳಗೆ ಹೋಗುವಾಗ, “ಬ್ಯಾಳಿ ಬೆಂತೇನ್ರಿ ಕಾಕಾ?” ಎನ್ನುತ್ತಿದ್ದರಂತೆ. ಅವರಿಗೆ ಏನೂ ಗೊತ್ತಿರಲಿಲ್ಲ, ಹಿರಿಯರು ಅನ್ನುವುದನ್ನು ಕೇಳಿ ಅನ್ನುತ್ತಿದ್ದರು. ಒಂದು ವರ್ಷ ಹೋದಾಗ ಗಿಡ್ಡಿಯ ಜಾಗದಲ್ಲಿ ಎಣ್ಣೆಯ ಕಪ್ಪು ಕಲೆ ಇತ್ತು. ಕತ್ತರಿಸಿ ಲಾರಿಗೆ ಹಾಕಿ ಒಯ್ದರು, ಕಾಕಾ ಅಂದು ರಜೆ ಹಾಕಿ ಮುಧೋಳಕ್ಕೆ ಹೋಗಿದ್ದರು ಎಂದು ಅವ್ವ ಹೇಳಿದಳು.

ಕಾಕುವಿನ ಮನೆಯಲ್ಲಿ ಬೇಳೆ ನಿಂತುಹೋಯಿತು. ಕಾಕಾ ಬೇಡ ಅಂದಿರಲಿಲ್ಲ. ಬಡಿಸಿದರೆ ತಟ್ಟೆಯ ಅಂಚಿಗೆ ಸರಿಸಿ ರೊಟ್ಟಿ, ಪಲ್ಯ ಉಂಡು ಏಳುತ್ತಿದ್ದರಂತೆ. ಕಾಕು ಅವ್ವನ ಮುಂದೆ ಒಮ್ಮೆ, ಅವತ್ತ ಬೇಳೆ ಬೇಯದಿದ್ದರ ಛಲೋ ಆಗತಿತ್ತು ಎಂದರಂತೆ. ಅವರ ಕೈಯಡುಗೆಯೇ ಅಪರಾಧವಾದ ಹಾಗೆ…

ನಿವೃತ್ತಿಯ ಮೇಲೆ ಇಬ್ಬರೂ ತೇರದಾಳಕ್ಕೆ, ಮಗಳ ಊರಿಗೆ ಹೋದರು. ಅಲ್ಲಿ ಒಂದು ಮದುವೆಯಲ್ಲಿ ಕಾಕಾನನ್ನು ಕೊನೆಯ ಸಲ ನೋಡಿದ್ದು. ಮೀಸೆ ಬೆಳ್ಳಗಾಗಿತ್ತು, ಎಣ್ಣೆ ಇರಲಿಲ್ಲ. ನನ್ನ ಮಗ ಆಗ ಶಾಲೆಗೆ ಹೋಗುತ್ತಿದ್ದ. ಕಾಕಾ ಅವನ ಗದ್ದ ಹಿಡಿದೆತ್ತಿ, ಬಿಸಿಲಿಗೆ ತಿರುಗಿಸಿ, ಮುಖದ ಮೇಲೆ ಏನೋ ಹುಡುಕುವವರಂತೆ ಬಹಳ ಹೊತ್ತು ನೋಡಿದರು. ಕಲೆಗಿಲೆ ಏನೂ ಇಲ್ಲರಿ ಕಾಕಾ, ಆರಾಮ ಇದ್ದಾನ ಎಂದೆ ನಾನು. ಹೌದು ಹೌದು ಎಂದು ಕೈ ಬಿಟ್ಟರು. ಅವರು ಹೋದ ಸುದ್ದಿ ನಮಗೆ ಮುಟ್ಟಿದ್ದು ಹನ್ನೊಂದನೆಯ ದಿನವೂ ಕಳೆದ ಮೇಲೆ. ಅವ್ವ ಆ ಮೊದಲೇ ಹೋಗಿದ್ದಳು. ಕಾಕು ಹೋದದ್ದು ಹೋದ ವರ್ಷ.

ಈಚೆಗೆ ಬೀಳಗಿಯಲ್ಲಿ ಒಂದು ಬೀಗತನದ ಕೆಲಸಕ್ಕೆಂದು ಮುಧೋಳದಿಂದ ಬಸ್ಸು ಹತ್ತಿದ್ದೆ. ಕಾರ್ಖಾನೆಗೆ ಹೊರಳುವಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ಬಸ್ಸು ನಿಂತಿತು. ಹಳಿ ಇದ್ದ ದಿಬ್ಬ ಈಗ ಜಾಲಿ ಬೆಳೆದು ಗುರುತು ಸಿಗುವುದಿಲ್ಲ. ಆದರೆ ಮುಂದಿನ ಸೀಟಿನಲ್ಲಿ ಕೂತಿದ್ದವನಿಗೆ ಗುರುತು ಸಿಕ್ಕಿತ್ತು. ನನ್ನ ಮಗನಿಗಿಂತ ಒಂದೆರಡು ವರ್ಷ ದೊಡ್ಡವನಿರಬೇಕು. ಮಗ್ಗಲಲ್ಲಿದ್ದವನಿಗೆ ಬೆರಳು ಮಾಡಿ ತೋರಿಸುತ್ತ, ಮೊದಲು ಇಲ್ಲಿ ಸಣ್ಣ ರೈಲು ಓಡುತ್ತಿತ್ತು, ಡ್ರೈವರ್ ನಿದ್ದೆ ಹೊಡೆದು ಬಾಯ್ಲರ್ ಹಾರಿಸಿಬಿಟ್ಟ, ಅದಕ್ಕೇ ರೈಲು ಬಂದಾಯಿತು ಎಂದು ಹೇಳುತ್ತಿದ್ದ.

ನಾನು ಸಾಮಾನ್ಯವಾಗಿ ಬಸ್ಸಿನಲ್ಲಿ ಪರರ ಮಾತಿಗೆ ಬಾಯಿ ಹಾಕುವವಳಲ್ಲ.

“ನಿದ್ದಿ ಹೊಡದಿದ್ದಿಲ್ಲಪಾ,” ಎಂದೆ. “ಗಾಜಿನ್ಯಾಗ ನೀರ ಕಾಣತಿತ್ತು. ಸಕ್ಕರಿ ಕೂಡಿ ನೊರಿ ಎದ್ದಿತ್ತು. ಬಾಯ್ಲರ್ ಹಾರಲಿಲ್ಲ, ಹಾರದಂಗ ಮಾಡಿದವರ ಅವರು. ನಾ ಅಲ್ಲೇ ಇದ್ದೆ.”

ಅವನು ತಿರುಗಿ ನನ್ನನ್ನು ನೋಡಿದ. ಒಳ್ಳೆಯ ಮನೆತನದ ಹುಡುಗ, ಕುತ್ತಿಗೆ ಬಗ್ಗಿಸಿ, ಹಂಗೇನ್ರಿ ಅಕ್ಕಾರ, ನಾವು ಕೇಳಿದ್ದು ಹಿಂಗ ಐತ್ರಿ ಎಂದ. ಬಸ್ಸು ಹೊರಟಿತು. ಅವರಿಬ್ಬರೂ ಕಬ್ಬಿನ ಮಾತಿಗೆ ಹೊರಳಿದರು. ಸ್ವಲ್ಪ ಹೊತ್ತಾದ ಮೇಲೆ ಅವನು ದನಿ ತಗ್ಗಿಸಿ ಗೆಳೆಯನಿಗೆ, “ಅವರ ಪೈಕಿ ಇರಬೇಕು” ಎಂದದ್ದು ನನಗೆ ಕೇಳಿಸಿತು.

ನಾನು ಅವರ ಪೈಕಿಯವಳಲ್ಲ, ಸಂಬಂಧಿಕಳಲ್ಲ, ಬರಿ ಮಗ್ಗಲ ಮನೆಯವಳು ಎಂದು ಹೇಳಬೇಕೆಂದು ಮುಂದಕ್ಕೆ ಬಾಗಿದೆ. ಅಷ್ಟರಲ್ಲಿ ಅವರ ಊರು ಬಂತು. ಇಬ್ಬರೂ ಚೀಲ ಎತ್ತಿಕೊಂಡು ಇಳಿದು ಹೋದರು.